ವಾರಕ್ಕೊಂದು ಶುಕ್ರವಾರ

ಕೋಲಾರದ ಕಡೆಯ ಒಂದು ಹಳ್ಳಿ. ರಾತ್ರಿ ಏಳು ಗಂಟೆ. ಶಾಲೆಯ ಜಗಲಿಯ ಮೇಲೆ ಹೆಂಗಸರು ಸೇರಿದ್ದರು. ಡೇರಿಗೆ ಹಾಲು ಹಾಕಿ, ಮಕ್ಕಳಿಗೆ ಮುದ್ದೆ ಬಡಿಸಿ ಬಂದಿದ್ದರು. ಎಲ್ಲರ ಕೈಯಲ್ಲೂ ಪುಸ್ತಕ, ಪೆನ್ಸಿಲ್ಲು.

ಆ ದಿನ ಕೊನೇ ಮನೆಯ ಸೊಸೆ ತಡವಾಗಿ ಬಂದಳು. ಅವಳಿಗೆ 27 ವರ್ಷ. ಇಬ್ಬರು ಮಕ್ಕಳು. ಮನೆಯಲ್ಲಿ ಕೊಳವೆ ಬಾವಿ ಕೊರೆಸಿದ್ದರು. ಸಾವಿರ ಅಡಿ ದಾಟಿದರೂ ನೀರು ಬರಲಿಲ್ಲ. ನೀರು ಬರಲಿಲ್ಲ, ಸಾಲ ಬಂತು.

ಅವಳ ಕೈಯಲ್ಲಿ ಮಡಿಸಿದ ಒಂದು ಕಾಗದ ಇತ್ತು.

“ಕುವೈತ್‌ಗೆ ಹೋಗ್ತೀನಿ. ಮನೆಕೆಲಸ. ಎರಡು ವರ್ಷ ಅಷ್ಟೆ. ನಾಳೆ ಏಜೆಂಟ್ ಬರ್ತಾನೆ. ಸಹಿ ಹಾಕ್ಬೇಕು. ಈಗ ನಂಗೆ ಸಹಿ ಹಾಕೋಕೆ ಬರುತ್ತಲ್ಲ” ಎಂದಳು.

ಅಲ್ಲಿ ಒಬ್ಬ ಅಕ್ಕ ಕೂತಿದ್ದರು. ಊರಿನವರೆಲ್ಲ ಅವರನ್ನು ‘ಕುವೈತ್ ಅಕ್ಕ’ ಎಂದೇ ಕರೆಯುತ್ತಾರೆ. ಅವರು 2017ರಲ್ಲಿ ಕುವೈತ್‌ಗೆ ಹೋಗಿದ್ದರು. 2019ರ ಕೊನೆಗೆ ವಾಪಸ್ ಬಂದರು.

ಅಕ್ಕ ಕೇಳಿದರು. “ಸಹಿ ಹಾಕೋಕೆ ಬರುತ್ತೆ, ಸರಿ. ಅದರಲ್ಲಿ ಏನು ಬರ್ದಿದೆ, ಓದಿದ್ಯಾ?”

“ಅದು ಕನ್ನಡ ಅಲ್ಲ ಅಕ್ಕಾ. ಅದು ಇರ್ಲಿ. ಅಲ್ಲಿ ಜೀವನ ಹೆಂಗಿರುತ್ತೆ, ಅದು ಹೇಳು ಮೊದ್ಲು.”

ಅಕ್ಕ ಪುಸ್ತಕ ಮುಚ್ಚಿದರು. ಹೇಳತೊಡಗಿದರು. ನಾವೂ ಕೇಳೋಣ.

ಕುವೈತ್ ಎಂಬ ದೇಶ

ಕುವೈತ್ ಒಂದು ಸಣ್ಣ ದೇಶ. ಅರಬ್ಬರ ನಾಡು. ಒಂದು ಕಡೆ ಸಮುದ್ರ. ಉಳಿದ ಕಡೆ ಮರಳುಗಾಡು. ಅಲ್ಲಿ ಹೊಳೆ ಇಲ್ಲ, ಕೆರೆ ಇಲ್ಲ. ಸಮುದ್ರದ ನೀರಿನ ಉಪ್ಪು ತೆಗೆದು ಮನೆಮನೆಗೆ ಕೊಡುತ್ತಾರೆ. ನೆಲದ ಕೆಳಗೆ ಎಣ್ಣೆ ಇದೆ. ಅದೇ ಅವರ ಸಂಪತ್ತು. ಅದರಿಂದಲೇ ಪೆಟ್ರೋಲು, ಡೀಸೆಲ್ಲು ಆಗುವುದು.

ಅಲ್ಲಿನ ಹಣ ದಿನಾರ್. ಒಂದು ದಿನಾರ್ ಎಂದರೆ ಸಾವಿರ ಫಿಲ್ಸ್. ನಮ್ಮ 250 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಈಗ ಒಂದು ದಿನಾರ್ ಸಿಗುತ್ತದೆ. 1961ರವರೆಗೆ ಕುವೈತ್‌ನಲ್ಲಿ ನಮ್ಮ ರೂಪಾಯಿಯೇ ನಡೆಯುತ್ತಿತ್ತು. ಈಗ ರೂಪಾಯಿ ಇರುವವರು ದಿನಾರ್ ಹುಡುಕಿಕೊಂಡು ಅಲ್ಲಿಗೆ ಹೋಗುತ್ತಾರೆ.

ಬೇಸಿಗೆಯಲ್ಲಿ ಅಲ್ಲಿ ಬಿಸಿಲು 50 ಡಿಗ್ರಿ ಮುಟ್ಟುತ್ತದೆ. 2016ರ ಜುಲೈ 21ರಂದು ಮಿತ್ರಿಬಾ ಎಂಬಲ್ಲಿ 53.9 ಡಿಗ್ರಿ ಆಗಿತ್ತು. ಧೂಳಿನ ಗಾಳಿಯೂ ಬೀಸುತ್ತದೆ. ಗಾಳಿ ನಿಂತ ಮೇಲೆ ಕಿಟಕಿ, ಅಂಗಳ, ಮಹಡಿ ಎಲ್ಲ ಮತ್ತೆ ಒರೆಸಬೇಕು.

ಗಂಟೆಯ ಲೆಕ್ಕವೂ ಬೇರೆ. ಕುವೈತ್ ನಮಗಿಂತ ಎರಡೂವರೆ ಗಂಟೆ ಹಿಂದೆ. ನಮ್ಮಲ್ಲಿ ಬೆಳಿಗ್ಗೆ ಏಳೂವರೆ ಆದಾಗ ಅಲ್ಲಿ ಐದು ಗಂಟೆ.

“ಅಲ್ಲಿ ಕೆಲಸ ಮುಗಿಸಿ ರಾತ್ರಿ ಹತ್ತೂವರೆಗೆ ಫೋನ್ ಮಾಡ್ತಿದ್ದೆ. ಇಲ್ಲಿ ಒಂದು ಗಂಟೆ ಆಗಿರ್ತಿತ್ತು. ಮಗಳು ನಿದ್ದೆ ಮಾಡಿರ್ತಿದ್ಲು. ಎಷ್ಟೋ ದಿನ ಅವಳ ದನಿಯೇ ಕೇಳಲಿಲ್ಲ” ಎಂದರು ಅಕ್ಕ.

ಅಲ್ಲಿನ ಒಂದು ದಿನ

ಅಕ್ಕ ಕೆಲಸ ಮಾಡಿದ್ದು ಮೂರು ಮಹಡಿಯ ಮನೆಯಲ್ಲಿ. ಮನೆಯಲ್ಲಿ ಹನ್ನೊಂದು ಜನ. ಯಜಮಾನನನ್ನು ‘ಬಾಬಾ’ ಎನ್ನಬೇಕು. ಯಜಮಾನಿಯನ್ನು ‘ಮಾಮಾ’ ಎನ್ನಬೇಕು.

ಬೆಳಿಗ್ಗೆ ಐದಕ್ಕೆ ಏಳಬೇಕು. ಮಕ್ಕಳಿಗೆ ತಿಂಡಿ ಮಾಡಿ ಶಾಲೆಗೆ ಕಳಿಸಬೇಕು. ಆಮೇಲೆ ಮೂರು ಮಹಡಿ ಗುಡಿಸಿ ಒರೆಸಬೇಕು. ಬಟ್ಟೆಯನ್ನು ಮಿಷನ್ನು ಒಗೆಯುತ್ತದೆ. ಇಸ್ತ್ರಿ ಮಾತ್ರ ಕೈಯಲ್ಲೇ ಮಾಡಬೇಕು. ಮಧ್ಯಾಹ್ನ ದೊಡ್ಡ ಊಟ. ಅಕ್ಕಿ, ಮಾಂಸ, ಮಸಾಲೆ ಸೇರಿಸಿ ಮಾಡುವ ‘ಮಚ್‌ಬೂಸ್’ ಅವರಿಗೆ ಇಷ್ಟ. ನಮ್ಮ ಪಲಾವಿನ ಹಾಗೆ ಇರುತ್ತದೆ. ‘ಖುಬೂಸ್’ ಎಂಬ ರೊಟ್ಟಿಯೂ ಇರುತ್ತದೆ.

ಎಷ್ಟೋ ಮನೆಗಳಲ್ಲಿ ಗಂಡಸರು ಕೂತು ಮಾತಾಡಲು ದೊಡ್ಡ ಕೋಣೆ ಇರುತ್ತದೆ. ಅದಕ್ಕೆ ‘ದಿವಾನಿಯಾ’ ಎನ್ನುತ್ತಾರೆ. ರಾತ್ರಿ ನೆಂಟರು, ಗೆಳೆಯರು ಬರುತ್ತಾರೆ. ಆಗ ಒಳಗೆ ಚಹಾ, ಕಾಫಿ ಕಾಯುತ್ತಲೇ ಇರಬೇಕು.

ರಂಜಾನ್ ತಿಂಗಳಲ್ಲಿ ಹಗಲು ರಾತ್ರಿ ಅದಲು ಬದಲು. ಹಗಲೆಲ್ಲಾ ಉಪವಾಸ. ಸಂಜೆ ಉಪವಾಸ ಬಿಡುವ ಊಟ. ನಡುರಾತ್ರಿ ಮತ್ತೆ ಊಟ. ಆ ತಿಂಗಳು ಹಗಲಲ್ಲಿ ರಸ್ತೆಯಲ್ಲಿ ಯಾರೂ ನೀರೂ ಕುಡಿಯಬಾರದು. ಬೇರೆ ಧರ್ಮದವರಿಗೂ ಅದೇ ಕಾನೂನು. ತಪ್ಪಿದರೆ ದಂಡ.

“ಕೆಲಸಕ್ಕೆ ನಾನು ಹೆದರಿದೋಳಲ್ಲ. ರಾಗಿ ಕೊಯ್ದಿದೀನಿ, ಟೊಮೊಟೊ ಹೊತ್ತಿದೀನಿ. ಆದ್ರೆ ಭಾಷೆ ಬರದೆ ಸೋತೆ. ಬೋರ್ಡೆಲ್ಲಾ ಅರಬ್ಬಿ. ಔಷಧಿ ಬಾಟ್ಲಿ ಮೇಲೂ ಅರಬ್ಬಿ. ಅಂಕಿಗಳೂ ಬೇರೆ ಥರ. ಇಲ್ಲಿ ಕಷ್ಟಪಟ್ಟು ನಾಕಕ್ಷರ ಕಲಿತಿದ್ದೆ. ಅಲ್ಲಿ ಇಳಿದ ದಿನ ಮತ್ತೆ ಅಕ್ಷರ ಬಾರದೋಳಾದೆ” ಎಂದರು ಅಕ್ಕ.

ನಿಧಾನವಾಗಿ ಮಾತು ಕಲಿತರು. ‘ಮೋಯ’ ಎಂದರೆ ನೀರು. ‘ಯಲ್ಲಾ’ ಎಂದರೆ ಬೇಗ, ನಡಿ. ‘ಶ್ವಯ್ ಶ್ವಯ್’ ಎಂದರೆ ಮೆಲ್ಲಗೆ, ಸ್ವಲ್ಪ ಸ್ವಲ್ಪ.

“ಆ ಮನೇಲಿ ಯಲ್ಲಾ ಅನ್ನೋ ಮಾತೇ ಜಾಸ್ತಿ ಕೇಳಿದ್ದು” ಎಂದು ಅಕ್ಕ ನಕ್ಕರು. ಎಲ್ಲರೂ ನಕ್ಕರು.

ಎಂಟು ತಿಂಗಳು ರಜೆ ಇಲ್ಲ

ಕೊನೇ ಮನೆಯ ಸೊಸೆ ಕೇಳಿದಳು. “ಭಾನುವಾರ ರಜಾ ಕೊಡ್ತಾರಾ ಅಕ್ಕಾ?”

ಅಲ್ಲಿ ವಾರದ ರಜೆ ಭಾನುವಾರ ಅಲ್ಲ. ಶುಕ್ರವಾರ ಮುಸ್ಲಿಮರ ದೊಡ್ಡ ಪ್ರಾರ್ಥನೆಯ ದಿನ. ಆದ್ದರಿಂದ ಶುಕ್ರವಾರ ರಜೆ. 2007ರಿಂದ ಕುವೈತ್‌ನ ಕಚೇರಿಗಳಿಗೆ ಶುಕ್ರವಾರ, ಶನಿವಾರ ಎರಡು ದಿನ ರಜೆ. ಭಾನುವಾರ ಕೆಲಸ ಶುರು.

ಆದರೆ ಮನೆಯಲ್ಲಿ ಕೆಲಸ ಮಾಡುವವಳಿಗೆ?

“ನಂಗೆ ಎಂಟು ತಿಂಗಳು ಒಂದು ದಿನಾನೂ ರಜಾ ಇರಲಿಲ್ಲ. ಶುಕ್ರವಾರ ಬಂದ್ರೆ ನೆಂಟ್ರು ಬರೋರು. ಅವತ್ತೇ ಕೆಲಸ ಜಾಸ್ತಿ. ಗೇಟು ದಾಟಿ ಹೊರಗೆ ಹೋಗಿದ್ದು ಕಸದ ಡಬ್ಬಿವರೆಗೆ ಮಾತ್ರ. ಇದೇ ಇಲ್ಲಿನ ಪದ್ಧತಿ ಅಂದ್ಕೊಂಡಿದ್ದೆ” ಎಂದರು ಅಕ್ಕ.

ಒಂದು ದಿನ ಆ ಕಸದ ಡಬ್ಬಿಯ ಹತ್ತಿರ ಪಕ್ಕದ ಮನೆಯ ಕೆಲಸದವಳು ಸಿಕ್ಕಿದಳು. ಆಂಧ್ರದ ಕಡಪದವಳು. ಕೋಲಾರದವರಿಗೆ ತೆಲುಗು ಹೊಸದೇನಲ್ಲ. ಇಬ್ಬರೂ ತೆಲುಗಿನಲ್ಲಿ ಮಾತಾಡಿದರು.

ಅವಳು ಹೇಳಿದಳು. “ಅಕ್ಕಾ, ವಾರಕ್ಕೆ ಒಂದು ದಿನ ರಜಾ ಕೊಡ್ಬೇಕು ಅಂತ ಇಲ್ಲಿ ಕಾನೂನಿದೆ. ನಿನ್ನ ಕಾಗದದಲ್ಲೇ ಬರ್ದಿರುತ್ತೆ.”

ಆ ಕಾಗದ ಅಕ್ಕನ ಪೆಟ್ಟಿಗೆಯಲ್ಲೇ ಇತ್ತು. ಎಂಟು ತಿಂಗಳಿಂದ ಸೀರೆಯ ಕೆಳಗೆ ಮಡಿಸಿ ಇಟ್ಟಿದ್ದರು. ಒಂದು ಪಕ್ಕ ಅರಬ್ಬಿ, ಇನ್ನೊಂದು ಪಕ್ಕ ಇಂಗ್ಲಿಷ್. ಯಾರ ಹತ್ತಿರವೂ ಓದಿಸಿರಲಿಲ್ಲ.

ಕಾನೂನು ಏನು ಹೇಳುತ್ತದೆ?

ಕುವೈತ್ 2015ರಲ್ಲಿ ಮನೆಕೆಲಸದವರಿಗಾಗಿ ಒಂದು ಕಾನೂನು ಮಾಡಿತು. ಅದರ ಮುಖ್ಯ ಮಾತುಗಳು ಇವು:

ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸಬಾರದು. ನಡುವೆ ಬಿಡುವು ಕೊಡಬೇಕು.

ವಾರಕ್ಕೆ ಒಂದು ದಿನ ರಜೆ ಕೊಡಬೇಕು. ಆ ದಿನದ ಸಂಬಳ ಹಿಡಿಯಬಾರದು.

ವರ್ಷಕ್ಕೆ 30 ದಿನ ಸಂಬಳದ ರಜೆ ಕೊಡಬೇಕು.

ತಿಂಗಳು ತಿಂಗಳು ಸಂಬಳ ಕೊಡಬೇಕು.

ಕೆಲಸದವಳು ಒಪ್ಪದೆ ಅವಳ ಪಾಸ್‌ಪೋರ್ಟ್ ಇಟ್ಟುಕೊಳ್ಳಬಾರದು.

ಕರಾರಿನ ಅವಧಿ ಮುಗಿದಾಗ, ದುಡಿದ ಒಂದೊಂದು ವರ್ಷಕ್ಕೂ ಒಂದು ತಿಂಗಳ ಸಂಬಳ ಸೇರಿಸಿ ಕೊಡಬೇಕು.

2016ರಲ್ಲಿ ಕುವೈತ್ ಸರ್ಕಾರ ಮನೆಕೆಲಸದವರ ಕನಿಷ್ಠ ಸಂಬಳವನ್ನು ತಿಂಗಳಿಗೆ 60 ದಿನಾರ್ ಎಂದು ಗೊತ್ತುಮಾಡಿತು.

ಲೋಕದ ಮಾತೂ ಇದೇ. 2011ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಂದು ಒಪ್ಪಂದ ಬರೆಯಿತು. ಮನೆಕೆಲಸವೂ ಕೆಲಸವೇ, ಅವರಿಗೆ ವಾರಕ್ಕೆ 24 ಗಂಟೆಯಾದರೂ ಬಿಡುವು ಬೇಕು ಎಂದು ಅದರಲ್ಲಿದೆ. ನಮ್ಮ ಕರ್ನಾಟಕದಲ್ಲೂ 2004ರಲ್ಲಿ ಮನೆಕೆಲಸದವರಿಗೆ ಕನಿಷ್ಠ ಕೂಲಿ ಗೊತ್ತುಮಾಡಲಾಯಿತು.

ಕಾನೂನು ಇದ್ದರೆ ಸಾಕೇ? ಸಾಲದು. ಮನೆಯ ಬಾಗಿಲು ಮುಚ್ಚಿದರೆ ಒಳಗೆ ನಡೆಯುವುದು ಹೊರಗಿನವರಿಗೆ ಕಾಣುವುದಿಲ್ಲ. ಕಾರ್ಖಾನೆಗೆ ಅಧಿಕಾರಿ ಬಂದು ನೋಡಬಹುದು. ಅಡುಗೆ ಮನೆಗೆ ಯಾರು ಬರುತ್ತಾರೆ? ಕೇಳುವವಳು ಇದ್ದರೆ ಮಾತ್ರ ಕಾನೂನಿಗೆ ಬಾಯಿ ಬರುತ್ತದೆ. ಕೇಳಬೇಕಾದರೆ ಮೊದಲು ತಿಳಿದಿರಬೇಕು.

ಅಕ್ಕ ಕೇಳಿದರು

ಅಕ್ಕ ಮೂರು ದಿನ ಯೋಚನೆ ಮಾಡಿದರು. ನಾಲ್ಕನೇ ದಿನ ಮಾಮಾ ಹತ್ತಿರ ಹೋದರು. ಕಾಗದ ಕೈಯಲ್ಲಿ ಹಿಡಿದು, “ಮಾಮಾ, ಜುಮಾ, ರಜಾ” ಎಂದರು. ಜುಮಾ ಎಂದರೆ ಶುಕ್ರವಾರ.

ಮಾಮಾ ಮೊದಲು ಬೈದರು. “ಇದನ್ನೆಲ್ಲಾ ಯಾರು ಹೇಳಿಕೊಟ್ಟರು?” ಎಂದರು. ಅಕ್ಕ ಸುಮ್ಮನೆ ನಿಂತರು. ಜಗಳ ಮಾಡಲಿಲ್ಲ. ಕಾಗದವನ್ನೂ ಕೆಳಗಿಡಲಿಲ್ಲ.

ಹದಿನೈದು ದಿನಕ್ಕೊಮ್ಮೆ ರಜೆ ಸಿಕ್ಕಿತು. ಆರು ತಿಂಗಳ ಮೇಲೆ ಪ್ರತಿ ಶುಕ್ರವಾರ ಸಿಕ್ಕಿತು. ಪಾಸ್‌ಪೋರ್ಟ್ ಮಾತ್ರ ಕೊನೆಯವರೆಗೂ ಅವರ ಬೀರುವಿನಲ್ಲೇ ಇತ್ತು. ಸಿವಿಲ್ ಐಡಿ ಎಂಬ ಗುರುತಿನ ಚೀಟಿ ಅಕ್ಕನ ಕೈಗೆ ಬಂತು. ಆ ಚೀಟಿ ಇಲ್ಲದೆ ಅಲ್ಲಿ ಹೊರಗೆ ಓಡಾಡಬಾರದು.

“ಎಲ್ಲರಿಗೂ ಕೇಳಿದ ತಕ್ಷಣ ಸಿಗಲ್ಲ ಕಣೇ. ನನ್ನ ಜೊತೆಗಾತಿಯೊಬ್ಬಳಿಗೆ ಮೂರು ತಿಂಗಳ ಸಂಬಳವೇ ಕೊಟ್ಟಿರಲಿಲ್ಲ. ಕೇಳಿದ್ದಕ್ಕೆ ಫೋನ್ ಕಿತ್ಕೊಂಡ್ರು. ಅವಳು ಹೆಂಗೋ ನಮ್ಮ ದೇಶದ ರಾಯಭಾರ ಕಚೇರಿ ಸೇರಿದ್ಲು. ಅಲ್ಲಿ ಹೆಂಗಸ್ರಿಗೆ ಇರೋಕೆ ಜಾಗ ಇದೆ. ಅಲ್ಲಿಂದ ಊರಿಗೆ ಬಂದ್ಲು.”

ಇಲ್ಲಿ ಒಂದು ಮಾತು ನೆನಪಿಡಬೇಕು. ಅಲ್ಲಿ ಕೆಲಸದವರ ವೀಸಾ ಯಜಮಾನನ ಹೆಸರಿಗೆ ಕಟ್ಟಿರುತ್ತದೆ. ಅವನನ್ನು ‘ಕಫೀಲ್’ ಎನ್ನುತ್ತಾರೆ. ಮನೆ ಬಿಟ್ಟು ಹೋಗಿ ಬೇರೆ ಕಡೆ ಗುಟ್ಟಾಗಿ ದುಡಿದರೆ ‘ಓಡಿಹೋದವಳು’ ಎಂದು ದೂರು ಕೊಡಬಹುದು. ಆಮೇಲೆ ಪೊಲೀಸರ ಕಾಟ. ಕಷ್ಟ ಬಂದರೆ ಗುಟ್ಟಾಗಿ ಕೆಲಸ ಹುಡುಕಬಾರದು. ನಮ್ಮ ರಾಯಭಾರ ಕಚೇರಿಗೆ ಹೋಗಬೇಕು. ಮನೆಕೆಲಸದವರ ದೂರು ಕೇಳುವ ಸರ್ಕಾರಿ ಕಚೇರಿಯೂ ಕುವೈತ್‌ನಲ್ಲಿ ಇದೆ.

ಶುಕ್ರವಾರ ಬಂತು

“ಮೊದಲನೇ ಶುಕ್ರವಾರ ಹೇಳ್ತೀನಿ ಕೇಳಿ” ಎಂದರು ಅಕ್ಕ. ಅವರ ಮುಖ ಅರಳಿತು.

ಬೆಳಿಗ್ಗೆ ಐದಕ್ಕೇ ಎಚ್ಚರ ಆಯಿತು. ಆದರೆ ಏಳಲಿಲ್ಲ. ಏಳೂವರೆವರೆಗೆ ಹಾಗೇ ಮಲಗಿದ್ದರು. ಎದ್ದು ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿದರು. ಊರಿನಿಂದ ತಂದ ಸೀರೆ ಉಟ್ಟರು. ಕಡಪದ ಗೆಳತಿಯ ಜೊತೆ ಬಸ್ ಹತ್ತಿದರು.

ಕುವೈತ್ ಪಟ್ಟಣದಲ್ಲಿ ಮಾಲಿಯಾ ಎಂಬ ಜಾಗ ಇದೆ. ಅಲ್ಲಿ ಬಸ್ಸುಗಳು ಬಂದು ನಿಲ್ಲುತ್ತವೆ. ಶುಕ್ರವಾರ ಅದು ಜಾತ್ರೆಯ ಹಾಗೆ. ನಮ್ಮವರು, ಫಿಲಿಪೈನ್ಸಿನವರು, ಶ್ರೀಲಂಕಾದವರು, ನೇಪಾಳದವರು. ಎಲ್ಲರೂ ಯಾರದೋ ಮನೆ ಕಾಯುವವರು. ಆ ಒಂದು ದಿನ ಮಾತ್ರ ತಮಗಾಗಿ ಬಂದವರು.

ಪಟ್ಟಣದಲ್ಲಿ ದೊಡ್ಡ ಚರ್ಚು ಇದೆ. ಶುಕ್ರವಾರವೇ ಅಲ್ಲಿ ಹೆಚ್ಚು ಜನ ಪೂಜೆಗೆ ಸೇರುತ್ತಾರೆ. ಅಬ್ಬಾಸಿಯಾ ಎಂಬ ಬಡಾವಣೆಯಲ್ಲಿ ನಮ್ಮ ದೇಶದವರು ತುಂಬಾ ಇದ್ದಾರೆ. ಅಲ್ಲಿ ಇಡ್ಲಿ, ದೋಸೆ, ಬೇಳೆಕಾಳು, ಮಲ್ಲಿಗೆ ಎಣ್ಣೆ ಎಲ್ಲ ಸಿಗುತ್ತದೆ. ಕನ್ನಡದವರ ಕೂಟ, ತುಳುವರ ಕೂಟವೂ ಕುವೈತ್‌ನಲ್ಲಿವೆ. ರಾಜ್ಯೋತ್ಸವ ಮಾಡುತ್ತಾರೆ.

“ಒಂದು ಮಸಾಲೆ ದೋಸೆ ತಿಂದೆ. ಬೇರೆಯೋರು ಬಡಿಸಿದ್ದು. ನಾನು ಕೂತು ತಿಂದಿದ್ದು. ಎಂಟು ತಿಂಗಳಲ್ಲಿ ಕೂತು ನಿಧಾನವಾಗಿ ತಿಂದಿದ್ದು ಅದೇ ಮೊದಲು.”

ಜಗಲಿಯ ಮೇಲೆ ಯಾರೂ ಮಾತಾಡಲಿಲ್ಲ.

ಆಮೇಲೆ ಹಣ ಕಳಿಸುವ ಅಂಗಡಿಗೆ ಹೋದರು. ಅಲ್ಲಿ ಉದ್ದ ಸಾಲು. ಅಕ್ಕನ ಸಂಬಳ 80 ದಿನಾರ್. ಆಗ ಅದು ಸುಮಾರು 17,000 ರೂಪಾಯಿ ಆಗುತ್ತಿತ್ತು. ಅಲ್ಲಿವರೆಗೆ ಬಾಬಾ ತಾವೇ ಅಕ್ಕನ ಗಂಡನ ಹೆಸರಿಗೆ ಹಣ ಕಳಿಸುತ್ತಿದ್ದರು. ಎಷ್ಟು ಕಳಿಸಿದರು, ಎಷ್ಟು ಮುಟ್ಟಿತು, ಅಕ್ಕನಿಗೆ ಗೊತ್ತಿರಲಿಲ್ಲ. ಅವತ್ತು ತಾವೇ ಕಳಿಸಿದರು. ಅರ್ಧ ಗಂಡನಿಗೆ, ಸಾಲ ಕಟ್ಟಲು. ಅರ್ಧ ಊರಿನ ಬ್ಯಾಂಕಿನ ತಮ್ಮ ಖಾತೆಗೆ. ಚೀಟಿಯ ಮೇಲೆ ತಮ್ಮ ಹೆಸರು ಕನ್ನಡದಲ್ಲೇ ಸಹಿ ಹಾಕಿದರು. ಪ್ರತಿ ಚೀಟಿಯನ್ನೂ ಜೋಡಿಸಿ ಇಟ್ಟರು.

ಸಂಜೆ ಸಮುದ್ರದ ದಂಡೆಯಲ್ಲಿ ಕೂತರು. ಅಲ್ಲಿಂದ ಮನೆಗೆ ಫೋನ್ ಮಾಡಿದರು. ಅಲ್ಲಿ ಐದು ಗಂಟೆ, ಇಲ್ಲಿ ಏಳೂವರೆ. ಮಗಳು ಎಚ್ಚರವಾಗಿದ್ದಳು.

“ಅವಳು ಶಾಲೆ ಪದ್ಯ ಪೂರ್ತಿ ಹೇಳಿದ್ಲು. ನಾನು ಪೂರ್ತಿ ಕೇಳಿದೆ. ರಜಾ ಅಂದ್ರೆ ಅದೇ ನೋಡಿ. ತಿರುಗಾಡೋದು, ದೋಸೆ ತಿನ್ನೋದು ಮಾತ್ರ ಅಲ್ಲ. ನನ್ನ ದುಡ್ಡಿನ ಲೆಕ್ಕ ನಾನು ನೋಡಿದ್ದು ಅವತ್ತು. ನನ್ನೋರ ಹತ್ರ ಮಾತಾಡಿದ್ದು ಅವತ್ತು. ಕಷ್ಟ ಸುಖ ಹೇಳ್ಕೊಂಡಿದ್ದು ಅವತ್ತು. ವಾರಕ್ಕೊಂದು ದಿನಾನೂ ಹೊರಗೆ ಬಿಡದೆ ಇದ್ರೆ, ನಾವು ಇದೀವೋ ಸತ್ತಿದೀವೋ ಯಾರಿಗೆ ಗೊತ್ತಾಗುತ್ತೆ?”

ಕಾಗದ ಓದಿದರು

“ಈಗ ತೆಗಿಯೇ ನಿನ್ನ ಕಾಗದ” ಎಂದರು ಅಕ್ಕ.

ಟೀಚರಮ್ಮ ದೀಪದ ಕೆಳಗೆ ಹಿಡಿದು ಇಂಗ್ಲಿಷ್ ಓದಿದರು. ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದರು. ಅದರಲ್ಲಿ ಸಂಬಳ ಎಷ್ಟು ಎಂದು ಇರಲಿಲ್ಲ. ರಜೆಯ ಮಾತು ಇರಲಿಲ್ಲ. ಯಾರ ಮನೆ ಎಂದೂ ಇರಲಿಲ್ಲ. ಕುವೈತ್ ಎಂಬ ಹೆಸರೇ ಇರಲಿಲ್ಲ.

“ಇದು ಕೆಲಸದ ಕರಾರು ಅಲ್ಲಮ್ಮ. ಇದು ದುಬೈಗೆ ಹೋಗುವ ಪ್ರವಾಸಿ ವೀಸಾ. ಊರು ನೋಡಿ ಬರುವವರಿಗೆ ಕೊಡೋದು. 30 ದಿನಕ್ಕೆ ಮುಗಿಯುತ್ತೆ.”

“ಮೊದ್ಲು ದುಬೈ, ಆಮೇಲೆ ಕುವೈತ್ ಅಂದ. ವಯಸ್ಸು ಕೇಳಿದ್ರೆ 31 ಅನ್ನು ಅಂದ” ಎಂದಳು ಸೊಸೆ. ಅವಳ ದನಿ ಸಣ್ಣಗಾಗಿತ್ತು.

ಏಕೆ ಹಾಗೆ ಹೇಳಿದ? ನಮ್ಮ ದೇಶದ ನಿಯಮ ಹೀಗಿದೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ‘ಇಸಿಆರ್’ ಎಂದು ಇರುತ್ತದೆ. ಅವರು ಕುವೈತ್, ಸೌದಿ, ದುಬೈ, ಒಮಾನ್, ಕತಾರ್, ಬಹ್ರೇನ್ ಮುಂತಾದ ಕಡೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು. ಅಂಥ ಹೆಂಗಸರಿಗೆ 30 ವರ್ಷ ತುಂಬಿರಬೇಕು. 2016ರಿಂದ ಅವರನ್ನು ಸರ್ಕಾರ ಗೊತ್ತುಮಾಡಿದ ಸರ್ಕಾರಿ ಸಂಸ್ಥೆಗಳ ಮೂಲಕವೇ ಕಳಿಸಬೇಕು. ಅನುಮತಿ ಪಡೆದು ಹೋದವರಿಗೆ ‘ಪ್ರವಾಸಿ ಭಾರತೀಯ ಬಿಮಾ ಯೋಜನೆ’ ಎಂಬ ವಿಮೆ ಇದೆ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 10 ಲಕ್ಷ ರೂಪಾಯಿ ಸಿಗುತ್ತದೆ.

ಪ್ರವಾಸಿ ವೀಸಾದಲ್ಲಿ ಹೋದರೆ ಈ ಯಾವುದೂ ಇಲ್ಲ. ಅನುಮತಿ ಇಲ್ಲ, ವಿಮೆ ಇಲ್ಲ, ಕರಾರು ಇಲ್ಲ. ಅಂದ ಮೇಲೆ ಶುಕ್ರವಾರ ಎಲ್ಲಿಂದ ಬರಬೇಕು?

ಮಾರನೇ ದಿನ ಏಜೆಂಟ್ ಬಂದ. ಸೊಸೆ ಬಾಗಿಲಲ್ಲೇ ನಿಂತು ಕೇಳಿದಳು. “ಕೆಲಸದ ವೀಸಾ ಎಲ್ಲಿ? ಸಂಬಳ ಎಷ್ಟು ಅಂತ ಎಲ್ಲಿ ಬರ್ದಿದೆ? ವಾರಕ್ಕೊಂದು ರಜಾ ಎಲ್ಲಿ ಬರ್ದಿದೆ?”

“ಅದೆಲ್ಲಾ ನಿನಗ್ಯಾಕಮ್ಮ?” ಎಂದ ಅವನು. ಕಾಗದ ತೆಗೆದುಕೊಂಡು ಹೊರಟುಹೋದ.

ಸಾಲ ಇನ್ನೂ ಇದೆ. ಸಂಘದವರು ಸ್ವಲ್ಪ ಹಣ ಕೊಟ್ಟರು, ಬಡ್ಡಿ ಕಟ್ಟಿದಳು. ಒಂದು ಹಸು ಸಾಕಿದ್ದಾಳೆ. ಮೊನ್ನೆ ಜಗಲಿಯ ಮೇಲೆ ಹೇಳಿದಳು. “30 ತುಂಬಿದ ಮೇಲೆ ಹೋಗ್ತೀನೋ ಇಲ್ವೋ ಗೊತ್ತಿಲ್ಲ. ಹೋದ್ರೆ ಮಾತ್ರ ಓದಿಸಿ, ತಿಳ್ಕೊಂಡು ಹೋಗ್ತೀನಿ.”

ನೆನಪಿಡಿ

1. ತಿಳಿಯದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ. ಬಲ್ಲವರಿಂದ ಓದಿಸಿ.

2. ಸಂಬಳ, ಕೆಲಸದ ಗಂಟೆ, ವಾರದ ರಜೆ, ಯಜಮಾನರ ಹೆಸರು ಕರಾರಿನಲ್ಲಿ ಇರಬೇಕು.

3. ಕೆಲಸಕ್ಕೆ ಹೋಗುವವರು ಪ್ರವಾಸಿ ವೀಸಾದಲ್ಲಿ ಹೋಗಬಾರದು. ವಯಸ್ಸು ಸುಳ್ಳು ಹೇಳಬಾರದು.

4. ಪಾಸ್‌ಪೋರ್ಟ್, ವೀಸಾ, ಕರಾರು ಮೂರರ ನಕಲನ್ನೂ ಮನೆಯಲ್ಲಿ ಇಟ್ಟು ಹೋಗಿ.

5. ಹೋಗುವ ಮೊದಲೇ ನಿಮ್ಮ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಿರಿ.

6. ರಾಯಭಾರ ಕಚೇರಿಯ ಫೋನ್ ನಂಬರನ್ನು ಬಾಯಿಪಾಠ ಮಾಡಿ. ಫೋನ್ ಕಿತ್ತುಕೊಳ್ಳಬಹುದು. ಬಾಯಿಪಾಠ ಮಾಡಿದ್ದನ್ನು ಕಿತ್ತುಕೊಳ್ಳಲು ಆಗುವುದಿಲ್ಲ.

ಯೋಚಿಸಿ, ಮಾತಾಡಿ

1. ಅಕ್ಕನಿಗೆ ಎಂಟು ತಿಂಗಳು ರಜೆ ಏಕೆ ಸಿಗಲಿಲ್ಲ?

2. ನಿಮ್ಮ ಊರಿನಿಂದ ಹೊರದೇಶಕ್ಕೆ ಹೋದವರು ಇದ್ದಾರೆಯೇ? ಅವರ ಕಾಗದಗಳ ನಕಲು ಮನೆಯಲ್ಲಿ ಇದೆಯೇ?

3. ನಿಮ್ಮ ಮನೆಯಲ್ಲಿ ವಾರಕ್ಕೊಂದು ದಿನ ಬಿಡುವು ಯಾರಿಗೆ ಇದೆ? ಯಾರಿಗೆ ಇಲ್ಲ?